ಕಾಗದದ ಮೇಲಿನ ಊರು ಎಲ್ಲಿದೆ?

(ಹೈದರಾಬಾದಿನ ಕನ್ನಡ ಹೋಟೆಲ್ ಕಾರ್ಮಿಕರ ಕೂಟದಲ್ಲಿ ಸಂಘದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಇಂದಿನ ಕೂಟದಲ್ಲಿ ಸಂಬಳದ ಮಾತಿಲ್ಲ, ಬೋನಸ್ಸಿನ ಮಾತಿಲ್ಲ. ಅವು ಮುಂದಿನ ಕೂಟಕ್ಕೆ ಇವೆ. ಇಂದು ನಾವು ಊರಿನ ಹೆಸರಿನ ವಿಷಯ ಮಾತನಾಡಲು ನಿಂತಿದ್ದೇವೆ. ಊರಿನ ಹೆಸರಿನಲ್ಲಿ ಮಾತನಾಡುವುದು ಏನುಂಟು ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು. ನಗಲಿ. ಆದರೆ ನಗುವವರು ತಮ್ಮ ಮುತ್ತಜ್ಜ ಹುಟ್ಟಿದ ಊರು ಯಾವುದು, ಅದು ಈಗ ಯಾವ ತಾಲ್ಲೂಕಿಗೆ ಸೇರಿದೆ ಎಂಬುದನ್ನು ಹೇಳಿ ಆಮೇಲೆ ನಗಬೇಕೆಂದು ನಮ್ಮ ಬಿನ್ನಹ.

ಸಂಘದ ಸದಸ್ಯತ್ವದ ಪುಸ್ತಕದಲ್ಲಿ “ಸ್ವಂತ ಊರು” ಎಂಬ ಒಂದು ಕಾಲಮು ಇದೆ. ನಾವು ಕಳೆದ ಮಳೆಗಾಲದಲ್ಲಿ ಕುಳಿತು ಅದನ್ನು ಮೊದಲಿನಿಂದ ಕೊನೆಯ ತನಕ ಓದಿದೆವು. ಘಟ್ಟದ ಕೆಳಗಿನಿಂದ ಬಂದವರೆಲ್ಲ “ಉಡುಪಿ” ಅಥವಾ “ಕುಂದಾಪುರ” ಎಂದು ಬರೆಸಿದ್ದಾರೆ. ಈ ಕಡೆಯವರೆಲ್ಲ “ಗುಲ್ಬರ್ಗಾ” ಅಥವಾ “ಬೀದರ್”. ಇಷ್ಟು ಜನ ಉಡುಪಿಯ ರಥಬೀದಿಯಲ್ಲೇ ಹುಟ್ಟಿದ್ದರೆ ಅಲ್ಲಿ ರಥ ಎಳೆಯಲು ಜಾಗವಿರುತ್ತಿರಲಿಲ್ಲ! ಹೋಟೆಲಿಗೆ ಸೇರುವಾಗ ಗಲ್ಲೆಯ ಮೇಲೆ ಕುಳಿತ ಧಣಿ “ಯಾವೂರು?” ಎಂದು ಕೇಳುತ್ತಾರೆ. ಹನ್ನೆರಡು ವರ್ಷದ ಮಾಣಿ ತನ್ನ ಹಳ್ಳಿಯ ಹೆಸರು ಹೇಳುತ್ತಾನೆ. “ಅದೆಲ್ಲಿ ಬರ್ತದೆ?” ಎಂದು ಮತ್ತೊಂದು ಪ್ರಶ್ನೆ. ಮಾಣಿ ಬಸ್ಸು ಹತ್ತಿದ ಪೇಟೆಯ ಹೆಸರು ಹೇಳುತ್ತಾನೆ. ಪುಸ್ತಕದಲ್ಲಿ ಅದು ಬಿತ್ತು. ಅಲ್ಲಿಂದ ಮುಂದೆ ಮೂವತ್ತು ವರ್ಷ ಅವನು ಆ ಪೇಟೆಯವನೇ. ಮಕ್ಕಳ ಶಾಲೆಯ ದಾಖಲೆಯಲ್ಲೂ ಅದೇ, ಆಧಾರ್ ಕಾರ್ಡಿನಲ್ಲಿ ಅದೂ ಇಲ್ಲ, ಬಾಡಿಗೆ ಮನೆಯ ವಿಳಾಸ ಮಾತ್ರ. ಮೂರನೆಯ ತಲೆಮಾರಿಗೆ ಹಳ್ಳಿಯ ಹೆಸರು ಅಜ್ಜಿಯ ಬಾಯಲ್ಲಿ ಮಾತ್ರ ಉಳಿಯುತ್ತದೆ. ಅಜ್ಜಿ ತೀರಿದರೆ ಅದೂ ಇಲ್ಲ.

ಇದರಿಂದ ನಷ್ಟವೇನು ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇವೆ. ಕೆಲವು ವರ್ಷಗಳ ಕೆಳಗೆ ನಮ್ಮ ಹಿರಿಯ ಅಡಿಗೆಯವರೊಬ್ಬರು ಇಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮದುವೆಯಾದವರಲ್ಲ. ನಾಲ್ವತ್ತು ವರ್ಷ ಈ ಶಹರದಲ್ಲಿ ರುಬ್ಬಿ, ಹೊಯ್ದು, ಬಡಿಸಿದವರು. ಪುಸ್ತಕದಲ್ಲಿ ಊರು “ಉಡುಪಿ” ಎಂದಿತ್ತು. ವಾರಸುದಾರರು ಬರದಿದ್ದರೆ ಹೆಣವನ್ನು ಅನಾಥ ಎಂದು ಬರೆದು ಸುಡುತ್ತಾರೆ. ಅವರ ಪ್ರಾವಿಡೆಂಟ್ ಫಂಡಿನ ಹಣವೂ ಹಾಗೆಯೇ ಅನಾಥವಾಗುತ್ತದೆ.

ಅವರ ಪೆಟ್ಟಿಗೆಯಲ್ಲಿ ಹಳೆಯ ಮನಿಯಾರ್ಡರಿನ ರಸೀದಿ ಒಂದು ಸಿಕ್ಕಿತು. ಅದರ ಮೇಲೆ “ಹೊಸಂಗಡಿ” ಎಂದು ಇತ್ತು. ನಮ್ಮಲ್ಲೊಬ್ಬರು ಕೂಡಲೇ, ಅದು ಮಂಜೇಶ್ವರದ ಹತ್ತಿರ, ಕಾಸರಗೋಡಿನ ಕಡೆ ಎಂದರು. ಅಲ್ಲೂ ಹೊಸಂಗಡಿ ಇದೆ, ಸುಳ್ಳಲ್ಲ. ೧೯೫೬ರಲ್ಲಿ ಆ ನಾಡು ಕೇರಳಕ್ಕೆ ಹೋಯಿತು. ಆದರೆ ದೋಸೆ ಕಾವಲಿಯ ಮುಂದೆ ಅವರ ಜೊತೆ ನಿಂತ ಇನ್ನೊಬ್ಬ ಭಟ್ಟರು ತಲೆ ಅಲ್ಲಾಡಿಸಿದರು. “ಅವರಿಗೆ ತುಳು ಬರ್ತಿರಲಿಲ್ಲ ಮಾರಾಯ್ರೆ. ಹೋಯ್ಕ್, ಬರ್ಕ್ ಅಂತ ಮಾತಾಡ್ತಿದ್ರು. ಸಣ್ಣವರಿದ್ದಾಗ ಬಾಳೆಬರೆ ಘಾಟಿ ಹತ್ತಿ ನಗರಕ್ಕೆ ಹೋಗ್ತಿದ್ದೆ ಅಂತ ಹೇಳ್ತಿದ್ರು” ಎಂದರು. ಅಷ್ಟು ಸಾಕಾಯಿತು. ಮಂಜೇಶ್ವರದ ಹೊಸಂಗಡಿಯಲ್ಲಿ ಹುಟ್ಟಿದವನಿಗೆ ತುಳು ಬಾರದೆ ಇರುವುದಿಲ್ಲ. ಅಲ್ಲಿ ಬಾಳೆಬರೆ ಘಾಟಿಯೂ ಇಲ್ಲ. ಕುಂದಾಪುರ ತಾಲ್ಲೂಕಿನಲ್ಲಿ, ಆ ಘಾಟಿಯ ಬುಡದಲ್ಲಿ, ಈಗ ವಾರಾಹಿಯ ವಿದ್ಯುತ್ ಕೇಂದ್ರವಿರುವ ಕಡೆ ಇನ್ನೊಂದು ಹೊಸಂಗಡಿ ಇದೆ. ಅದೇ ಇದು.

ಊರು ಸಿಕ್ಕಿತು, ಮನೆ ಸಿಗಬೇಕಲ್ಲ. ಅವರು “ನಮ್ಮದು ಬೆಟ್ಟಿನ ಮನೆ” ಎನ್ನುತ್ತಿದ್ದರಂತೆ. ಗ್ರಾಮಗಳ ಪಟ್ಟಿಯಲ್ಲಿ ಬೆಟ್ಟಿನ ಮನೆ ಹುಡುಕಿದರೆ ಸಿಗದು. ಗಟ್ಟದ ಮೇಲಿನ ಸ್ನೇಹಿತರಿಗೆ ಇದನ್ನು ಬಿಡಿಸಿ ಹೇಳಬೇಕು. ನಿಮ್ಮಲ್ಲಿ ಊರೆಂದರೆ ಮನೆಗೆ ಮನೆ ತಾಗಿ ಇರುವುದು, ಊರ ಬಾಯಿಗೆ ಅಗಸಿ, ಹೊರಗೆ ಹೊಲ. ನಮ್ಮ ಕರಾವಳಿಯಲ್ಲಿ ಹಾಗಲ್ಲ. ಒಂದು ಮನೆ ಈ ಗುಡ್ಡೆಯಲ್ಲಿ, ಇನ್ನೊಂದು ಆ ತೋಡಿನಾಚೆ. ಗದ್ದೆಗಳಲ್ಲೇ ಬೈಲು, ಮಜಲು, ಬೆಟ್ಟು ಎಂದು ಮೂರು ತರ. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ನಡುವಿನದು ಮಜಲು, ಮಳೆಯ ನೀರನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಮನೆಯ ಹೆಸರು ಆ ಗದ್ದೆಯಿಂದ ಬಂತು, ಮನೆಯ ಹೆಸರೇ ಮನುಷ್ಯನ ಹೆಸರಿನ ಹಿಂದೆ ಅಂಟಿಕೊಂಡಿತು. ಆದ್ದರಿಂದ ಬೆಟ್ಟಿನ ಮನೆ ಒಂದಲ್ಲ, ಊರಿಗೆ ನಾಲ್ಕು ಇದ್ದಾವು. ಸರ್ಕಾರದ ಗ್ರಾಮ ಎಂಬುದು ಇಂಥ ನೂರಾರು ಹೆಸರುಗಳ ಮೇಲೆ ಹೊದಿಸಿದ ಒಂದು ಕಂಬಳಿ ಅಷ್ಟೆ. ಒಳಗಿನ ಹೆಸರು ಗೊತ್ತಿರುವುದು ಅಂಚೆ ಹಂಚುವವರಿಗೆ, ದೇವಸ್ಥಾನದ ಹರಕೆಯ ಲೆಕ್ಕ ಬರೆಯುವವರಿಗೆ. ನಾವು ಅಂಚೆ ಕಚೇರಿಗೆ ಫೋನು ಮಾಡಿದೆವು. ಅಲ್ಲಿನ ಪೋಸ್ಟ್‌ಮ್ಯಾನ್ ಕೇಳಿದ ಪ್ರಶ್ನೆ ಒಂದೇ: “ಅವರ ಮನೆಯ ಒಬ್ಬರು ಹೈದ್ರಾಬಾದಿಗೆ ಹೋದವರು ಬರಲೇ ಇಲ್ಲ ಅಂತ ಹೇಳುವ ಮನೆಯಾ?” ಮೂರನೆಯ ದಿನ ತಮ್ಮನ ಮಗ ಬಂದ. ಬೆಂಕಿ ಕೊಡುವವರು ಬಂದರು.

ಬಂಧುಗಳೆ, ನಾವು ಇದರಿಂದ ಕಲಿತದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇವೆ. ಹೆಸರೊಂದನ್ನೇ ಹಿಡಿದು ಹುಡುಕಿದರೆ ಊರು ಸಿಗುವುದಿಲ್ಲ. ಅದರ ಅಕ್ಕಪಕ್ಕವನ್ನು ಹಿಡಿಯಬೇಕು. ಸಂತೆಗೆ ಎಲ್ಲಿಗೆ ಹೋಗುತ್ತಿದ್ದರು? ಹೊಳೆ ಯಾವುದು? ಹೆಣ್ಣು ತಂದದ್ದು ಯಾವ ಊರಿಂದ? ಮನೆಯಲ್ಲಿ ಆಡುವ ಮಾತು ಯಾವ ಕಡೆಯದು? ಜಾತ್ರೆ ಯಾವ ದೇವರದು? ಕಾಗದ ಬರೆದವನು ಯಾರು, ಯಾವ ಕಚೇರಿಯವನು, ಯಾವ ಲಿಪಿಯಲ್ಲಿ ಬರೆದ? ಒಂದೇ ಹಿಟ್ಟು ತಟ್ಟೆಗೆ ಹೊಯ್ದರೆ ಇಡ್ಲಿ, ಕಾವಲಿಗೆ ಹೊಯ್ದರೆ ದೋಸೆ. ಊರಿನ ಹೆಸರೂ ಹಾಗೆ, ಯಾವ ಕಚೇರಿಗೆ ಹೋಯಿತೋ ಆ ಆಕಾರ.

ನಾವು ನಿಂತಿರುವ ನೆಲವನ್ನೇ ನೋಡಿ. ಸುಲ್ತಾನ್ ಬಜಾರಿನಲ್ಲಿ ನಮ್ಮವರು ಎಷ್ಟು ಜನ ಕೆಲಸ ಮಾಡಿಲ್ಲ! ೧೯೩೩ರಲ್ಲಿ ನಿಜಾಮರ ಕೈಗೆ ಮರಳುವ ತನಕ ಅದು ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದು ರೆಸಿಡೆನ್ಸಿ ಬಜಾರ್ ಎನಿಸಿತ್ತು. ಸಿಕಂದರಾಬಾದಿಗೆ ಆ ಹೆಸರು ಬಂದದ್ದು ೧೮೦೬ರಲ್ಲಿ, ಸಿಕಂದರ್ ಜಾಹ್ ಎಂಬ ನಿಜಾಮರಿಂದ; ಹಳಬರ ಬಾಯಲ್ಲಿ ಅದು ಇಂದಿಗೂ ಲಷ್ಕರ್. ಕುಂದಾಪುರದ ಒಂದು ಅಟ್ಟದಲ್ಲಿ “ರೆಸಿಡೆನ್ಸಿ ಬಜಾರ್, ಹೈದರಾಬಾದ್ ದಖ್ಖನ್” ಎಂಬ ವಿಳಾಸದ ಕಾರ್ಡು ಸಿಕ್ಕಿದರೆ ಅದನ್ನು ಓದಿದ ಮೊಮ್ಮಗ ಇಲ್ಲಿಗೆ ಬಂದು ಯಾವ ಆಟೋದವನನ್ನು ಕೇಳಿಯಾನು? ನಮ್ಮ ಹಳ್ಳಿಗಳಿಗೆ ಆದದ್ದೂ ಅದೇ.

ಈಗ ನಿಜಾಮರ ಸೀಮೆಯ ವಿಷಯಕ್ಕೆ ಬರೋಣ. ಇದು ನಮ್ಮ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸಂಬಂಧಪಟ್ಟದ್ದು. ನಮ್ಮ ಸಂಘದಲ್ಲಿ ಪಾತ್ರೆ ತೊಳೆಯುವ ಕೆಲಸದ ಅಕ್ಕ ಒಬ್ಬರಿದ್ದಾರೆ. ಹೆಸರು ಬೇಡ. ತವರಿನಲ್ಲಿ ಅಣ್ಣತಮ್ಮಂದಿರು ಪೌತಿ ಖಾತೆ ಮಾಡಿಸಿಕೊಳ್ಳುವಾಗ ಇವರ ಹೆಸರು ಬಿಟ್ಟರು. ೨೦೦೫ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇದೆ ಎಂಬುದು ನಿಮಗೆ ಗೊತ್ತು. ಆದರೆ ಜಮೀನು ಎಲ್ಲಿದೆ ಎಂದೇ ಇವರಿಗೆ ತಿಳಿಯದು; ತವರು ಬಿಟ್ಟು ತಂದೆ ಇಲ್ಲಿಗೆ ಬಂದಾಗ ಇವರು ಕೈಗೂಸು. ಕೈಯಲ್ಲಿದ್ದದ್ದು ಮುತ್ತಜ್ಜನ ಕಾಲದ ಒಂದು ಉರ್ದು ಕಾಗದ. ಅದರಲ್ಲಿ “ಜಿಲ್ಲಾ ಲಿಂಗಸೂಗೂರು, ಫಸಲಿ ೧೩೦೫” ಎಂದು ಓದಿಸಿಕೊಂಡಿದ್ದರು.

ಅಕ್ಕ ರಾಯಚೂರಿಗೆ ಹೋದರು. ಒಂದು ಕಚೇರಿಯಲ್ಲಿ, ಲಿಂಗಸೂಗೂರು ಜಿಲ್ಲೆ ಎಂಬುದೇ ಇಲ್ಲ, ಅದು ತಾಲ್ಲೂಕು, ಅಲ್ಲಿ ಕೇಳು ಎಂದರು. ಲಿಂಗಸೂಗೂರಿನಲ್ಲಿ, ಈ ಹೆಸರಿನ ಹಳ್ಳಿ ನಮ್ಮ ತಾಲ್ಲೂಕಿನಲ್ಲಿಲ್ಲ ಎಂದರು. ಇಬ್ಬರು ಹೇಳಿದ್ದೂ ನಿಜವೇ. ಎರಡು ದಿನದ ಕೂಲಿ, ಬಸ್ಸಿನ ಖರ್ಚು ಹೋಯಿತು.

ಮೊದಲು ಫಸಲಿಯನ್ನು ಬಿಡಿಸೋಣ. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷಕ್ಕೆ ೫೯೦ ಅಥವಾ ೫೯೧ ಕೂಡಿಸಬೇಕು. ಅಕ್ಟೋಬರಿನಲ್ಲಿ ಆ ವರ್ಷ ಹುಟ್ಟುತ್ತಿದ್ದುದರಿಂದ ಈ ಒಂದು ವರ್ಷದ ಹೆಚ್ಚುಕಡಿಮೆ. ಅಂದರೆ ೧೩೦೫ ಎಂಬುದು ೧೮೯೫-೯೬. ಆಗ ಲಿಂಗಸೂಗೂರು ಒಂದು ಜಿಲ್ಲೆಯೇ ಆಗಿತ್ತು. ೧೯೦೫ರಲ್ಲಿ ಜಿಲ್ಲೆಗಳನ್ನು ಕಲಸಿ ಹೊಸದಾಗಿ ಹಂಚಿದಾಗ ಅದನ್ನು ಮುರಿದರು. ಲಿಂಗಸೂಗೂರು, ಕುಷ್ಟಗಿಯ ಕಡೆಯದು ರಾಯಚೂರಿಗೆ ಹೋಯಿತು. ಆದರೆ ಸುರಪುರ, ಶಹಾಪುರಗಳು ಗುಲ್ಬರ್ಗಾಕ್ಕೆ ಸೇರಿದವು. ೨೦೦೯ರಲ್ಲಿ ಅವನ್ನು ಯಾದಗಿರಿ ಜಿಲ್ಲೆಗೆ ತಂದರು. ಗುಲ್ಬರ್ಗಾ ೨೦೧೪ರಲ್ಲಿ ಕಲಬುರಗಿ ಆಯಿತು. ಅಕ್ಕನ ಕಾಗದವನ್ನು ಬಿಸಿಲಿಗೆ ಹಿಡಿದು ಮತ್ತೊಮ್ಮೆ ಓದಿಸಿದಾಗ, ಮಡಿಕೆಯಲ್ಲಿ ತಾಲ್ಲೂಕಿನ ಹೆಸರು “ಶೋರಾಪುರ” ಎಂದು ಕಂಡಿತು. ಶೋರಾಪುರವೆಂದರೆ ನಮ್ಮ ಸುರಪುರವೇ. ದೊರೆಗಳ ಸುರಪುರ, ೧೮೬೦ರಲ್ಲಿ ಇಂಗ್ಲಿಷರು ನಿಜಾಮರಿಗೆ ಒಪ್ಪಿಸಿದ ಸುರಪುರ. ಹಳ್ಳಿ ಸುರಪುರ ತಾಲ್ಲೂಕಿನಲ್ಲಿ ಸಿಕ್ಕಿತು. ಪಹಣಿಯೂ ಸಿಕ್ಕಿತು. ಪಾಲು ಕೊಡಿಸುವ ಮಾತು ಈಗ ಕೋರ್ಟಿನಲ್ಲಿದೆ, ಅದು ಬೇರೆ ಕತೆ. ಆದರೆ ಆ ಅಕ್ಕನಿಗೆ ಕೃಷ್ಣೆಯ ಈಚೆ ದಂಡೆಯಲ್ಲಿರುವ ಊರನ್ನು ಆಚೆ ದಂಡೆಯಲ್ಲಿ ಹುಡುಕಿಸಿದರಲ್ಲ, ಅದಕ್ಕೆ ಯಾರನ್ನು ಕೇಳುವುದು?

ಇಂಥವು ಇನ್ನೂ ಇವೆ, ಬೇಗ ಹೇಳಿಬಿಡುತ್ತೇವೆ. ನಳದುರ್ಗ ಜಿಲ್ಲೆ ಎಂದು ಕಂಡರೆ ಅದು ಉಸ್ಮಾನಾಬಾದ್ ಎಂದು ತಿಳಿಯಿರಿ. ೨೦೨೩ರಿಂದ ಅದು ಧಾರಾಶಿವ. ಇಂದೂರು ಎಂದರೆ ಮಧ್ಯಪ್ರದೇಶಕ್ಕೆ ರೈಲು ಹತ್ತಬೇಡಿ, ಇಲ್ಲಿನ ನಿಜಾಮಾಬಾದಿನ ಹಳೆಯ ಹೆಸರು ಅದು. ಎಲಗಂದಲ ಎಂದರೆ ಕರೀಂನಗರದ ಕಡೆ. ಕಲಬುರಗಿಗೆ ಬಹಮನಿ ಸುಲ್ತಾನರ ಕಾಲದಲ್ಲಿ ಅಹಸನಾಬಾದ್ ಎಂದೂ, ಬೀದರಿಗೆ ಮುಹಮ್ಮದಾಬಾದ್ ಎಂದೂ ಹೆಸರಿದ್ದವು. ಮೊಗಲರ ಕಾಲದಲ್ಲಿ ಆದವಾನಿ ಇಮ್ತಿಯಾಜಗಡವಾಯಿತು. ಹಳೆಯ ಸನದುಗಳಿದ್ದ ಮನೆಗಳಲ್ಲಿ ಈ ಹೆಸರುಗಳು ಬಂದಾವು.

ಎಲ್ಲಕ್ಕಿಂತ ಹೆಚ್ಚು ಜನರನ್ನು ಅಲೆಸಿದ ತಾರೀಕು ೧ನೇ ನವೆಂಬರ್ ೧೯೫೬. ಭಾಷೆಯ ಪ್ರಕಾರ ರಾಜ್ಯಗಳಾದವು, ಒಳ್ಳೆಯದೇ ಆಯಿತು. ಆದರೆ ಆ ದಿನ ಗೆರೆ ಹಾದುಹೋದದ್ದು ತಾಲ್ಲೂಕುಗಳ ಹೊಟ್ಟೆಯ ಮೇಲೆ. ಅಲ್ಲಿಯ ತನಕ ಕೊಡಂಗಲ್, ತಾಂಡೂರುಗಳು ಗುಲ್ಬರ್ಗಾ ಜಿಲ್ಲೆ. ಗದ್ವಾಲ, ಆಲಂಪುರ ರಾಯಚೂರು ಜಿಲ್ಲೆ. ನಾರಾಯಣಖೇಡ, ಜಹೀರಾಬಾದ್ ಬೀದರ್ ಜಿಲ್ಲೆ. ಇವೆಲ್ಲ ಆಂಧ್ರಕ್ಕೆ ಬಂದವು, ಈಗ ತೆಲಂಗಾಣದಲ್ಲಿವೆ. ಜಹೀರಾಬಾದ್ ತಾಲ್ಲೂಕಿನಲ್ಲಿ ನಿರ್ಣಾ ಸರ್ಕಲ್ ಮಾತ್ರ ಆ ಕಡೆ ಉಳಿಯಿತು. ಬೀದರ್ ತಾಲ್ಲೂಕಿನಿಂದ ನ್ಯಾಲಕಲ್ ಸರ್ಕಲ್ ಈ ಕಡೆ ಬಂತು. ಅತ್ತ ಉದಗೀರ, ನೀಲಂಗಾ, ಅಹಮದಪುರ ಬೀದರನ್ನು ಬಿಟ್ಟು ಮರಾಠಿ ಸೀಮೆಗೆ ಹೋದವು, ೧೯೮೨ರಿಂದ ಲಾತೂರ್ ಜಿಲ್ಲೆ. ಇಲ್ಲಿಯೂ ೨೦೧೬ರಲ್ಲಿ ಜಿಲ್ಲೆಗಳನ್ನು ಒಡೆದರು. ಜಹೀರಾಬಾದಿನವರು ಸಂಗಾರೆಡ್ಡಿಯವರಾದರು, ತಾಂಡೂರಿನವರು ವಿಕಾರಾಬಾದಿನವರಾದರು, ಗದ್ವಾಲಕ್ಕೆ ಅದರದೇ ಜಿಲ್ಲೆಯಾಯಿತು.

ಆದ್ದರಿಂದ ನಿಮ್ಮ ಅಜ್ಜನ ಶಾಲೆಯ ಕಾಗದದಲ್ಲಿ “ಜಿಲ್ಲಾ ಬೀದರ್” ಎಂದಿದ್ದರೆ ಊರು ಮೂರು ರಾಜ್ಯಗಳಲ್ಲಿ ಯಾವುದರಲ್ಲಿಯೂ ಇರಬಹುದು. ಇದು ಬರಿಯ ಕುತೂಹಲದ ಮಾತಲ್ಲ. ಸಂವಿಧಾನದ ೩೭೧(ಜೆ) ಕಲಮು ೨೦೧೩ರಲ್ಲಿ ಜಾರಿಗೆ ಬಂದ ಮೇಲೆ ಕರ್ನಾಟಕದ ಆ ಜಿಲ್ಲೆಗಳ ಮಕ್ಕಳಿಗೆ ಕಾಲೇಜಿನಲ್ಲಿ, ನೌಕರಿಯಲ್ಲಿ ಮೀಸಲು ಸ್ಥಾನಗಳಿವೆ. ಬೀದರ್ ಎಂಬ ಹೆಸರು ಕಂಡು ಆಸೆಪಟ್ಟು ಹೋಗಿ, ಊರು ಸಂಗಾರೆಡ್ಡಿ ಜಿಲ್ಲೆಯಲ್ಲಿದೆ ಎಂದು ತಿಳಿದು ಬರಿಗೈಯಲ್ಲಿ ಬಂದ ಹುಡುಗರನ್ನು ನಾವು ಕಂಡಿದ್ದೇವೆ. ಊರು ಎಲ್ಲಿದೆ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಅಷ್ಟು ಖರ್ಚು ಉಳಿಯುತ್ತಿತ್ತು.

ಈಗ ಲಿಪಿಯ ತೊಂದರೆ. ನಿಜಾಮರ ಕಚೇರಿಗಳಲ್ಲಿ ಮೊದಲು ಪಾರಸಿ, ಆಮೇಲೆ ಉರ್ದು. ಆ ಲಿಪಿಯಲ್ಲಿ ನಮ್ಮ ‘ಳ’ ಇಲ್ಲ, ‘ಣ’ ಇಲ್ಲ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಹೊಸಳ್ಳಿ, ಹಸಳ್ಳಿ, ಹುಸಳ್ಳಿ ಮೂರೂ ಬರೆದಾಗ ಒಂದೇ. ಅದಕ್ಕೂ ಮಿಗಿಲಾದದ್ದು ಚುಕ್ಕೆಯ ಆಟ. ‘ಬ’, ‘ಪ’, ‘ತ’, ‘ನ’ ಇವುಗಳ ಮೈ ಪದದ ಮೊದಲಲ್ಲಿ ಒಂದೇ ಹಲ್ಲು. ಚುಕ್ಕೆ ಕೆಳಗೋ ಮೇಲೋ, ಒಂದೋ ಎರಡೋ ಮೂರೋ ಎಂಬುದರಿಂದ ಅಕ್ಷರ ಬೇರೆಯಾಗುತ್ತದೆ. ಅವಸರದ ಗುಮಾಸ್ತ ಚುಕ್ಕೆ ಇಡುವುದೇ ಇಲ್ಲ. ಆಗ ಬೇಲೂರು ನೀಲೂರಾಗಬಹುದು. ಓದುವವನು ತೆಲುಗು ಕಡೆಯವನಾದರೆ ಅದನ್ನೇ ನೆಲ್ಲೂರು ಎಂದಾನು! ಒಂದು ಚುಕ್ಕೆಯಿಂದ ಮನುಷ್ಯನನ್ನು ಭೀಮಾ ತೀರದಿಂದ ಪೆನ್ನಾ ತೀರಕ್ಕೆ ಕಳಿಸಬಹುದು ಎಂದರೆ ನೋಡಿ.

ಹೀಗಾಗಿ ಉರ್ದು ಕಾಗದ ಓದಿಸುವಾಗ “ಇದೇನು ಹೆಸರು?” ಎಂದು ಮಾತ್ರ ಕೇಳಬಾರದು. “ಚುಕ್ಕೆ ಇಲ್ಲವೆಂದುಕೊಂಡರೆ ಇದನ್ನು ಇನ್ನೂ ಏನೇನು ಓದಬಹುದು?” ಎಂದು ಕೇಳಿ, ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಳ್ಳಬೇಕು. ಆಮೇಲೆ ತಾಲ್ಲೂಕಿನ ಗ್ರಾಮಗಳ ಪಟ್ಟಿಯಲ್ಲಿ ಒಂದೊಂದನ್ನೂ ನೋಡಬೇಕು. ಓದಿಕೊಡುವವರಿಗೆ ಬರಗಾಲವಿಲ್ಲ. ಇರಾನಿ ಹೋಟೆಲುಗಳ ನಮ್ಮ ಗೆಳೆಯರಲ್ಲಿ ಚೆನ್ನಾಗಿ ಉರ್ದು ಓದಬಲ್ಲ ಹಿರಿಯರಿದ್ದಾರೆ; ಅಕ್ಕನ ಕಾಗದದ ಮಡಿಕೆಯಲ್ಲಿದ್ದ ಶೋರಾಪುರವನ್ನು ಕಂಡುಹಿಡಿದದ್ದು ಅವರಲ್ಲೊಬ್ಬರೇ. ಕೂಲಿ ಕೊಡಲು ಹೋದರೆ ಬೈದರು. ಒಂದು ಫಿಲ್ಟರ್ ಕಾಫಿಗೆ ಒಪ್ಪಿದರು, ಅದೂ ನಮ್ಮ ಕಾಫಿ ಹೇಗಿದೆಯೆಂದು ನೋಡಲಿಕ್ಕೆ.

ಇಂಗ್ಲಿಷಿನವರೂ ಕಡಮೆ ಮಾಡಿಲ್ಲ. ಹೊನ್ನಾವರ ಓನೋರ್ ಆಯಿತು. ನಮ್ಮ ಬಸ್ರೂರನ್ನು ಪೋರ್ಚುಗೀಸರು ಬಾರ್ಸೆಲೋರ್ ಮಾಡಿದರು. ತೆಲುಗಿನವರ ಪಲ್ಲಿ ನಮ್ಮ ಹಳ್ಳಿ. ಗಡಿಯ ಊರು ಒಂದು ದಾಖಲೆಯಲ್ಲಿ ಪಲ್ಲಿಯಾಗಿ ಇನ್ನೊಂದರಲ್ಲಿ ಹಳ್ಳಿಯಾಗಿ ಇದ್ದರೆ ಎರಡು ಊರೆಂದು ತಿಳಿಯಬೇಡಿ. ಕರಾವಳಿಯಲ್ಲಿ ಒಂದೇ ಪೇಟೆಗೆ ಮನೆಮಾತಿಗೊಂದು ಹೆಸರು. ಮಂಗಳೂರು ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಮೂಡಬಿದಿರೆ ಬೆದ್ರ, ಕಾರ್ಕಳ ಕಾರ್ಲ. ಅಜ್ಜಿ “ಬೆದ್ರದಿಂದ ಬಂದದ್ದು” ಎಂದರೆ ಈ ಶಹರದಲ್ಲಿ ಹುಟ್ಟಿದ ಮೊಮ್ಮಗ ಬೀದರ್ ಎಂದು ಬರೆದುಕೊಳ್ಳುತ್ತಾನೆ. ಬಿದನೂರು ಎಂದರೂ ಬೀದರ್ ಎಂದೇ ಅವನ ಕಿವಿಗೆ ಬೀಳುತ್ತದೆ. ಬಿದನೂರು ಕೆಳದಿ ಅರಸರ ರಾಜಧಾನಿ. ೧೭೬೩ರಲ್ಲಿ ಹೈದರಾಲಿ ಗೆದ್ದು ಹೈದರನಗರ ಎಂದು ಹೆಸರಿಟ್ಟ, ಈಗ ಹೊಸನಗರ ತಾಲ್ಲೂಕಿನ ಬರಿಯ ನಗರ. ಸಾಗರವೂ ಎರಡು: ಒಂದು ಶಿವಮೊಗ್ಗದ್ದು, ಒಂದು ಶಹಾಪುರದ ಹತ್ತಿರದ್ದು. ಸಿದ್ದಾಪುರಗಳನ್ನಂತೂ ಎಣಿಸಲು ಹೋಗುವುದಿಲ್ಲ.

ಕೆಲವು ಊರುಗಳು ಪಟ್ಟಿಯಲ್ಲಿ ಇಲ್ಲದಿರಲು ಬೇರೆ ಕಾರಣಗಳಿವೆ. ಜಾಗೀರಿನ ಊರಾದರೆ ಅದರ ಲೆಕ್ಕಪತ್ರ ಇದ್ದದ್ದು ಸರ್ಕಾರದ ತಾಲ್ಲೂಕು ಕಚೇರಿಯಲ್ಲಲ್ಲ, ಜಾಗೀರುದಾರರ ಕಚೇರಿಯಲ್ಲಿ. ಕೊಪ್ಪಳ ಸಾಲಾರ್ ಜಂಗರ ಜಾಗೀರಾಗಿತ್ತು, ಚಿಟಗುಪ್ಪಾ ಪಾಯಗಾಹದ್ದು, ಗುರುಗುಂಟಾ, ಗದ್ವಾಲಗಳಿಗೆ ತಮ್ಮದೇ ಸಂಸ್ಥಾನ. ೧೯೪೯ರಲ್ಲಿ ಜಾಗೀರುಗಳು ರದ್ದಾದ ಮೇಲೆಯೇ ಅವೆಲ್ಲ ಒಂದೇ ತಕ್ಕಡಿಗೆ ಬಂದವು. ಆದ್ದರಿಂದ ಅದಕ್ಕೆ ಮೊದಲಿನ ಕಾಗದದಲ್ಲಿ ತಾಲ್ಲೂಕಿನ ಬದಲು ಜಾಗೀರಿನ ಹೆಸರಿದ್ದರೆ ಅದನ್ನು ಊರಿನ ಹೆಸರೆಂದು ಹಿಡಿದು ಅಲೆಯಬೇಡಿ.

ಇನ್ನು ಸತ್ತ ಊರುಗಳು. ರೆವಿನ್ಯೂದವರು ಬೇಚರಾಕ್ ಗ್ರಾಮ ಎನ್ನುತ್ತಾರೆ. ಮೂಲ ಪಾರಸಿ ಮಾತು ಬೇ-ಚಿರಾಗ್, ದೀಪವಿಲ್ಲದ್ದು. ಬರ ಬಂತು, ಪ್ಲೇಗು ಬಂತು, ಜನ ಬಿಟ್ಟುಹೋದರು, ದೀಪ ಹಚ್ಚುವವರಿಲ್ಲ. ಆದರೆ ಸರ್ವೆ ನಂಬರುಗಳು ಇವೆ, ಎಲ್ಲೆಗಲ್ಲು ಇದೆ, ಪಕ್ಕದ ಊರಿನವರು ಉಳುತ್ತಾರೆ, ಒಂದು ಹನುಮಪ್ಪನ ಗುಡಿ ಉಳಿದಿರುತ್ತದೆ. ಮನೆತನದ ಹೆಸರಿನಲ್ಲಿ ಆ ಊರು ಬದುಕಿರುತ್ತದೆ. ಬಸ್ಸಿನ ಕಂಡಕ್ಟರನನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತಾನೆ, ಗ್ರಾಮ ಲೆಕ್ಕಿಗರನ್ನು ಕೇಳಿದರೆ ನಕ್ಷೆ ತೆಗೆದು ತೋರಿಸುತ್ತಾರೆ. ಮುಳುಗಿದ ಊರುಗಳೂ ಇವೆ. ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ, ೧೯೬೪ರ ಲಿಂಗನಮಕ್ಕಿಯಲ್ಲಿ, ಆಮೇಲೆ ನಾರಾಯಣಪುರ, ಆಲಮಟ್ಟಿಗಳಲ್ಲಿ ಎಷ್ಟೋ ಹಳ್ಳಿಗಳು ನೀರಿಗೆ ಹೋದವು. ಅವುಗಳ ಹೆಸರು ಭೂಸ್ವಾಧೀನದ ಕಡತಗಳಲ್ಲಿ ಸಿಗುತ್ತದೆ. ಪರಿಹಾರ ಯಾರಿಗೆ, ಎಷ್ಟು ಎಂಬುದೂ ಅಲ್ಲೇ ಇರುತ್ತದೆ.

ಎಲ್ಲಿ ಕೇಳುವುದು ಎಂಬುದು ನಿಮ್ಮ ಮುಂದಿನ ಪ್ರಶ್ನೆ. ಮೊದಲು ಮನೆಯಲ್ಲಿ. ಅಜ್ಜಿ ಇದ್ದರೆ ಈ ಭಾನ್ವಾರವೇ ಕೂತು ಕೇಳಿ, ದೀಪಾವಳಿಗೆ ನೋಡೋಣ ಎನ್ನಬೇಡಿ. ಹಳೆಯ ಕಾರ್ಡು, ಮನಿಯಾರ್ಡರಿನ ರಸೀದಿ, ಲಗ್ನಪತ್ರಿಕೆ ಯಾವುದನ್ನೂ ಒಲೆಗೆ ಹಾಕಬೇಡಿ. ಪಿನ್‌ಕೋಡ್ ಬಂದದ್ದು ೧೯೭೨ರಲ್ಲಿ. ಅದಕ್ಕೆ ಹಿಂದಿನ ಕಾರ್ಡಿನಲ್ಲಿ ಅಂಚೆಯ ಮುದ್ರೆಯೇ ನಮಗೆ ಆಧಾರ. ಉತ್ತರದ ಜಿಲ್ಲೆಗಳವರಿಗೆ ಹೆಳವರು ಇದ್ದಾರೆ. ಎತ್ತಿನ ಮೇಲೆ ಕುಳಿತು ಮನೆಮನೆಗೆ ಬಂದು ವಂಶದ ಹೆಸರುಗಳನ್ನೂ, ಯಾವ ಊರಿಂದ ಯಾವ ಊರಿಗೆ ಬಂದಿರಿ ಎಂಬುದನ್ನೂ ಹೇಳುವವರು. ಕಾಳು ಬೇಡಲು ಬಂದವರೆಂದು ನಮ್ಮ ಕಾಲದ ಹುಡುಗರು ಬಾಗಿಲು ಹಾಕಿಕೊಳ್ಳುತ್ತಾರೆ. ಆ ಮುದುಕನ ಬಾಯಲ್ಲಿ ನಿಮ್ಮ ಏಳು ತಲೆಯ ಲೆಕ್ಕ ಇದೆ ಮಾರಾಯರೆ! ಕರಾವಳಿಯವರು ಮೂಲ ನಾಗನ ಬನ ಎಲ್ಲಿ ಎಂದು ಹುಡುಕುತ್ತಾರೆ. ಜೋಯಿಸರು ಕವಡೆ ಹಾಕಿ ದಿಕ್ಕು ಹೇಳುತ್ತಾರೆ. ಹಾಕಿಸುವವರು ಹಾಕಿಸಿ, ನಾವು ಬೇಡ ಎನ್ನುವುದಿಲ್ಲ. ಆದರೆ ಅದರ ಜೊತೆಗೆ ಮೂಲಗೇಣಿಯ ಚೀಟಿ, ವರ್ಗದ ಹೆಸರು, ೧೯೭೪ರ ಭೂಸುಧಾರಣೆಯ ಮೇಲೆ ಟ್ರಿಬ್ಯೂನಲ್ಲಿಗೆ ಕೊಟ್ಟ ಡಿಕ್ಲರೇಷನ್ ಇವನ್ನೂ ನೋಡಿ. ಒಕ್ಕಲು ಯಾರು, ಧಣಿ ಯಾರು, ಯಾವ ಗ್ರಾಮ, ಎಷ್ಟನೇ ಸರ್ವೆ ನಂಬರು ಎಲ್ಲವೂ ಅದರಲ್ಲಿದೆ. ಕವಡೆಗಿಂತ ಅಗ್ಗ.

ನಿಜಾಮರ ಕಾಲದ ಕಡತಗಳು ನಮ್ಮ ಈ ಶಹರದಲ್ಲೇ, ತಾರ್ನಾಕದ ರಾಜ್ಯ ಪತ್ರಾಗಾರದಲ್ಲಿವೆ. ಕಲಬುರಗಿ, ರಾಯಚೂರಿನ ಜನ ಅಲ್ಲಿಂದ ಇಲ್ಲಿಗೆ ಹುಡುಕಿಕೊಂಡು ಬರಬೇಕು. ನಾವು ಸಿಟಿ ಬಸ್ಸಿನಲ್ಲಿ ಹೋಗಬಹುದು. ದಕ್ಷಿಣ ಕನ್ನಡ ೧೯೫೬ರ ತನಕ ಮದರಾಸಿಗೆ ಸೇರಿದ್ದರಿಂದ ಅದರ ಹಳೆಯ ದಾಖಲೆಗಳನ್ನು ಚೆನ್ನೈಯ ಎಗ್ಮೋರಿನ ಪತ್ರಾಗಾರದಲ್ಲಿ ಕೇಳಬೇಕು. ೧೯೦೯ರಲ್ಲಿ ಅಚ್ಚಾದ ಹೈದರಾಬಾದ್ ಸಂಸ್ಥಾನದ ಗೆಜೆಟಿಯರ್ ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಯಾವ ತಾಲ್ಲೂಕು ಎಲ್ಲಿಂದ ಎಲ್ಲಿಗೆ ಹೋಯಿತೆಂದು ನೋಡಲು ಅದು ಸಾಕು. ಕರ್ನಾಟಕದ ಪಹಣಿ, ಸರ್ವೆ ನಕ್ಷೆಗಳನ್ನು ಈಗ ಮೊಬೈಲಿನಲ್ಲೇ ತೆಗೆಯಬಹುದು, ಅದನ್ನು ನಿಮ್ಮ ಮಕ್ಕಳು ತೋರಿಸಿಕೊಡುತ್ತಾರೆ.

ಊರು ಸಿಕ್ಕಿದ ಮೇಲೆ ಒಂದು ಎಚ್ಚರ. ಹಳೆಯ ಕಾಗದವನ್ನು ತಿದ್ದಿಸಲು ಹೋಗಬೇಡಿ. ಲಿಂಗಸೂಗೂರು ಎಂದಿದ್ದ ಕಡೆ ಯಾದಗಿರಿ ಎಂದು ಯಾರೋ ಪೆನ್ನಿನಿಂದ ಬರೆದರೆ ಆ ಕಾಗದ ಕೆಟ್ಟಿತು, ಎದುರಿನ ವಕೀಲರಿಗೆ ಹಬ್ಬವಾಯಿತು. ಅರ್ಜಿಯಲ್ಲಿ ಎರಡನ್ನೂ ಬರೆಯಿರಿ: ಹಿಂದಿನ ಲಿಂಗಸೂಗೂರು ಜಿಲ್ಲೆ ಶೋರಾಪುರ ತಾಲ್ಲೂಕು, ಈಗಿನ ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕು. ಹಳ್ಳಿಗೆ ಎರಡು ಹೆಸರಿದ್ದರೆ ನಡುವೆ “ಉರ್ಫ್” ಹಾಕಿ.

ಸಂಘದ ಪುಸ್ತಕವನ್ನು ಈ ತಿಂಗಳು ಹೊಸದಾಗಿ ಬರೆಯುತ್ತಿದ್ದೇವೆ. ಪೇಟೆಯ ಹೆಸರು ಹೇಳಿದವರನ್ನು ಬಿಡುವುದಿಲ್ಲ. ಮನೆಯ ಹೆಸರು, ಹಳ್ಳಿ, ಸಂತೆಯ ಊರು, ಅಂಚೆ, ತಾಲ್ಲೂಕು ಐದನ್ನೂ ಬರೆಸಬೇಕು. ರಾತ್ರಿ ಪಾಳಿಯವರಿಗಾಗಿ ಮಧ್ಯಾಹ್ನ ಮೂರರಿಂದ ಐದರ ತನಕ ಕೋಣೆ ತೆರೆದಿರುತ್ತದೆ.

ಕಲಬುರಗಿ ಕಡೆಯ ಸದಸ್ಯರೊಬ್ಬರ ಮನೆಯ ಕಾಗದ ಇನ್ನೂ ನಮ್ಮ ಮೇಜಿನ ಮೇಲೆಯೇ ಇದೆ. ತಾಲ್ಲೂಕಿನ ಹೆಸರನ್ನು ಗೆದ್ದಲು ತಿಂದಿದೆ, “ಜಿಲ್ಲಾ ಗುಲ್ಬರ್ಗಾ” ಮಾತ್ರ ಉಳಿದಿದೆ. ಊರಿನ ಹೆಸರನ್ನು ಹೊಸಳ್ಳಿ ಎಂದೂ ಓದಬಹುದು, ಹಸಳ್ಳಿ ಎಂದೂ ಓದಬಹುದು. ಅವರ ಅಜ್ಜಿ ತಾಂಡೂರಿನ ಸಂತೆಗೆ ನಡೆದು ಹೋಗಿ ಕತ್ತಲಾಗುವುದರೊಳಗೆ ಮನೆ ಸೇರುತ್ತಿದ್ದರಂತೆ, ದಾರಿಯಲ್ಲಿ ಕಲ್ಲುಬಂಡೆ ಹಾಸಿದ ಹಳ್ಳ ದಾಟಬೇಕಿತ್ತಂತೆ. ಸೇಡಂ, ಚಿಂಚೋಳಿ, ಕೊಡಂಗಲ್ ಕಡೆಯವರು ಇಲ್ಲಿ ಎಂಟು ಹತ್ತು ಜನ ಕಾಣುತ್ತಿದ್ದೀರಿ. ಕೂಟ ಮುಗಿದ ಮೇಲೆ ಚಹಾಕ್ಕೆ ನಿಂತು ಆ ಕಾಗದವನ್ನು ಒಮ್ಮೆ ನೋಡಿ ಹೋಗಬೇಕು.